ಸ್ಪಿತಿಗೆ ಬೈಕ್ ಮುಟ್ಟಿಸುವ ಮೂರು ದಾರಿ: ಮೂರನ್ನೂ ಮಾಡಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಬೆಂಗಳೂರು ಕಡೆಯಿಂದ ಐದಾರು ಜನ ಸೇರಿ ಹಿಮಾಚಲದ ಸ್ಪಿತಿ ಕಣಿವೆಗೆ ಬೈಕಿನಲ್ಲಿ ಹೋಗುವುದಾದರೆ, ಬೈಕನ್ನು ಮನಾಲಿಯಲ್ಲೇ ಬಾಡಿಗೆಗೆ ಹಿಡಿಯಿರಿ. ಸ್ವಂತ ಬೈಕಿನ ಮೇಲೆ ಎಷ್ಟೇ ಪ್ರೀತಿ ಇರಲಿ, ಲಾರಿಗೆ ಹಾಕಿ ಕಳಿಸಬೇಡಿ. ಇಲ್ಲಿಂದಲೇ ಓಡಿಸಿಕೊಂಡು ಹೋಗುವುದು ಚೆಂದ, ಆದರೆ ಅದಕ್ಕೆ ಮೂರು ವಾರ ರಜೆ ಬೇಕು.

ನಮ್ಮದು ಆರು ಜನರ ಗುಂಪು. ನಾಲ್ವರು ಬೆಂಗಳೂರು, ಇಬ್ಬರು ತುಮಕೂರು ಕಡೆಯವರು. 2019ರಲ್ಲಿ ಇಲ್ಲಿಂದಲೇ ಓಡಿಸಿಕೊಂಡು ಹೋದೆವು. 2022ರಲ್ಲಿ ಬೈಕುಗಳನ್ನು ಲಾರಿಗೆ ಹಾಕಿ ನಾವು ವಿಮಾನ ಹತ್ತಿದೆವು. 2024ರಲ್ಲಿ ಹೆಲ್ಮೆಟ್ ಮತ್ತು ಬ್ಯಾಗ್ ಮಾತ್ರ ಹಿಡಿದು ಹೋದೆವು. ಮೂರು ಸಲವೂ ಸೆಪ್ಟೆಂಬರ್. ಮೂರು ಸಲವೂ ಗುರಿ ಒಂದೇ, ಕುಂಜುಮ್ ಪಾಸ್ ಎಂಬ ಎತ್ತರದ ಘಟ್ಟ ಮತ್ತು ಬಾತಲ್‌ನಿಂದ ಗ್ರಾಂಫುವರೆಗಿನ ಆ ಕಲ್ಲು ದಾರಿ.

ಆ ದಾರಿ ಎಂಥದು ಎಂದು ಗೊತ್ತಿಲ್ಲದವರಿಗೆ ಎರಡು ಮಾತು. ಬಾತಲ್‌ನಿಂದ ಛತ್ರುವಿಗೆ ಮೂವತ್ತು ಚಿಲ್ಲರೆ ಕಿಲೋಮೀಟರ್. ನಮಗೆ ಅದಕ್ಕೆ ಮೂರೂವರೆ ಗಂಟೆ ಹಿಡಿಯಿತು. ರಸ್ತೆ ಅನ್ನುವುದಕ್ಕಿಂತ ಚಂದ್ರಾ ನದಿಯ ಪಕ್ಕದ ಕಲ್ಲುಹಾಸು ಅನ್ನಬಹುದು. ಹಿಮ ಕರಗಿದ ನೀರು ದಾರಿಗೆ ಅಡ್ಡ ಹರಿಯುತ್ತದೆ, ಇದನ್ನು ಅಲ್ಲಿಯವರು ನಾಲಾ ಅಂತಾರೆ. ಬೆಳಿಗ್ಗೆ ಮೊಣಕಾಲಿಗಿಂತ ಕೆಳಗಿರುವ ನಾಲಾ ಮಧ್ಯಾಹ್ನ ಬಿಸಿಲೇರಿದ ಮೇಲೆ ತೊಡೆಯವರೆಗೆ ಬಂದಿರುತ್ತದೆ. ನೀರಿನ ಕೆಳಗೆ ಗುಂಡುಕಲ್ಲು. ಒಬ್ಬನೇ ಹೋಗುವ ಜಾಗ ಅಲ್ಲ, ಅದಕ್ಕೇ ಗುಂಪು ಬೇಕು. ಗುಂಪು ಬೇಕು ಅಂದಮೇಲೆ ಇನ್ನೊಂದು ಮಾತೂ ಸೇರಿಕೊಳ್ಳುತ್ತದೆ: ಆರೂ ಬೈಕು, ಆರೂ ಜನ ಒಂದೇ ದಿನ ಒಂದೇ ಕಡೆ ಇರಬೇಕು. ಇದು ಸಣ್ಣ ವಿಷಯ ಅಂತ 2022ರವರೆಗೆ ನಾನೂ ಅಂದುಕೊಂಡಿದ್ದೆ.

ಆ ವರ್ಷದ ಲೆಕ್ಕ ಕಾಗದದ ಮೇಲೆ ಸೊಗಸಾಗಿತ್ತು. ಬೈಕು ಲಾರಿಯಲ್ಲಿ ಎಂಟು ದಿನದಲ್ಲಿ ಚಂಡೀಗಢ ಮುಟ್ಟುತ್ತದೆ ಅಂದರು. ನಾವು ಹನ್ನೆರಡು ದಿನ ಮೊದಲೇ ಕೊಟ್ಟೆವು. ಒಂದು ಬೈಕಿಗೆ ಹೋಗಲು 9,500 ರೂಪಾಯಿ. ಆರ್‌ಸಿ, ಇನ್ಶೂರೆನ್ಸ್, ಆಧಾರ್ ಜೆರಾಕ್ಸ್ ಕೊಟ್ಟು, ಟ್ಯಾಂಕ್ ಖಾಲಿ ಮಾಡಿಸಿ, ಎಲ್ಲ ಕಡೆಯಿಂದ ಫೋಟೊ ತೆಗೆದುಕೊಂಡೆವು. ಕಿಲೋಮೀಟರ್ ಮೀಟರಿನ ಫೋಟೊ ಕೂಡ. ಆರು ಬೈಕು ಒಂದೇ ಲಾರಿಯಲ್ಲಿ ಹೋಗುತ್ತವಾ ಎಂದು ನಾನು ಕೇಳಲಿಲ್ಲ. ಹೋಗುತ್ತವೆ ಅಂತಲೇ ನಂಬಿದ್ದೆ. ಅದೇ ತಪ್ಪಾಯಿತು.

ಶನಿವಾರ ಮಧ್ಯಾಹ್ನ ಚಂಡೀಗಢದಲ್ಲಿ ಇಳಿದು, ಊರ ಹೊರಗೆ ಜೀರಕ್‌ಪುರದ ಕಡೆಯ ಗೋಡೌನಿಗೆ ಆಟೋದಲ್ಲಿ ಹೋದೆವು. ಗೋಣಿಚೀಲ ಸುತ್ತಿದ ಐದು ಬೈಕು ಸಾಲಾಗಿ ನಿಂತಿದ್ದವು. ಆರನೆಯದು ಇಲ್ಲ. ಕೇಳಿದರೆ, ನಡುವೆ ಎಲ್ಲೋ ಲಾರಿ ಬದಲಾಯಿಸುವಾಗ ಜಾಗ ಸಾಲದೆ ಒಂದನ್ನು ಹಿಂದೆ ಬರುವ ಲಾರಿಗೆ ಹಾಕಿದ್ದಾರೆ. "ಕಲ್ ಆ ಜಾಯೇಗಾ ಸರ್", ನಾಳೆ ಬರುತ್ತೆ ಅಂದ ಗೋಡೌನಿನ ಹುಡುಗ. ನಾಳೆ ಭಾನುವಾರ, ಗೋಡೌನ್ ಬಾಗಿಲು. ಸೋಮವಾರ ಕೇಳಿದರೆ ಲಾರಿ ಇನ್ನೂ ದೆಹಲಿ ದಾಟಿಲ್ಲ. ಬೆಂಗಳೂರಿನ ಆಫೀಸಿಗೆ ಫೋನ್ ಮಾಡಿದರೆ ಚಂಡೀಗಢದವರನ್ನು ಕೇಳಿ ಅಂದರು, ಚಂಡೀಗಢದವರು ಬೆಂಗಳೂರಿನವರನ್ನು ಕೇಳಿ ಅಂದರು. ಮಂಗಳವಾರ ಸಂಜೆ ನಾಲ್ಕಕ್ಕೆ ಬಂತು. ಎಡಗಡೆ ಕನ್ನಡಿ ಇರಲಿಲ್ಲ, ಕ್ಲಚ್ ಲಿವರ್ ಮುರಿದಿತ್ತು.

ಬಂದಿದ್ದ ಐದರ ಕಥೆಯೂ ಸುಲಭವಾಗಿರಲಿಲ್ಲ. ಟ್ಯಾಂಕ್ ಪೂರ್ತಿ ಒಣಗಿದೆ. ಗೋಡೌನಿನಿಂದ ಬಂಕು ಎರಡು ಕಿಲೋಮೀಟರ್. ಬಾಟಲಿಗೆ ಪೆಟ್ರೋಲ್ ಹಾಕುವುದಿಲ್ಲ ಅಂದರು. ಕೊನೆಗೆ ಒಂದು ಬೈಕನ್ನು ಇಬ್ಬರು ತಳ್ಳಿಕೊಂಡು ಹೋಗಿ ತುಂಬಿಸಿ ತಂದು, ಅದರ ಟ್ಯಾಂಕಿನಿಂದ ಪೈಪ್ ಹಾಕಿ ಉಳಿದವಕ್ಕೆ ಹಂಚಿದೆವು. ಒಂದರ ಬ್ಯಾಟರಿ ಕೂತುಹೋಗಿತ್ತು.

ಇಷ್ಟೇ ಆಗಿದ್ದರೆ ಹಾಳಾಗಿ ಹೋಗಲಿ ಅಂತ ಮರೆಯುತ್ತಿದ್ದೆ. ನಿಜವಾದ ಪೆಟ್ಟು ಬಿದ್ದದ್ದು ಆ ಮೂರು ದಿನದ ಮೇಲೆ. ನಮ್ಮ ಪ್ಲಾನ್ ಶಿಮ್ಲಾ, ಕಿನ್ನೌರ್ ಕಡೆಯಿಂದ ಹೋಗುವುದಾಗಿತ್ತು. ಆ ದಾರಿ ಉದ್ದ, ಆದರೆ ಎತ್ತರ ನಿಧಾನವಾಗಿ ಏರುತ್ತದೆ. ಕಲ್ಪಾ 2,900 ಮೀಟರ್ ಚಿಲ್ಲರೆ, ನಾಕೋ 3,600ರ ಆಸುಪಾಸು, ಆಮೇಲೆ ತಾಬೋಗೆ ಸ್ವಲ್ಪ ಇಳಿದು ಸ್ಪಿತಿಯ ಮುಖ್ಯ ಊರು ಕಾಜಾ ಸುಮಾರು 3,700. ದೇಹ ಒಂದೊಂದು ರಾತ್ರಿ ಒಂದೊಂದು ಎತ್ತರಕ್ಕೆ ಹೊಂದಿಕೊಳ್ಳುತ್ತದೆ. ಮೂರು ದಿನ ಕಳೆದುಕೊಂಡ ಮೇಲೆ ಅಷ್ಟು ಸಮಯ ಉಳಿಯಲಿಲ್ಲ. "ಉಲ್ಟಾ ಹೋಗೋಣ, ಮನಾಲಿಯಿಂದ ನೇರ ನುಗ್ಗೋಣ" ಅಂದೆ. ನಾನೇ ಅಂದದ್ದು.

ಮನಾಲಿ ಎರಡು ಸಾವಿರ ಮೀಟರ್ ಚಿಲ್ಲರೆ. ಅಲ್ಲಿ ಒಂದು ರಾತ್ರಿ. ಮರುದಿನ ಅಟಲ್ ಸುರಂಗ ದಾಟಿ, ಕೊಕ್ಸರ್, ಗ್ರಾಂಫು, ಛತ್ರು, ಬಾತಲ್, ಸಂಜೆಗೆ ಚಂದ್ರತಾಲ್ ಸರೋವರದ ಕ್ಯಾಂಪ್. ಅದು 4,200 ಮೀಟರ್‌ಗೂ ಜಾಸ್ತಿ. ಒಂದೇ ದಿನದಲ್ಲಿ ಎರಡು ಸಾವಿರ ಮೀಟರ್ ಏರಿಬಿಟ್ಟೆವು. ರಾತ್ರಿ ಹನ್ನೊಂದಕ್ಕೆ ತಿಪಟೂರಿನ ಗೆಳೆಯನಿಗೆ ತಲೆನೋವು ಶುರುವಾಯಿತು. ಒಂದಕ್ಕೆ ವಾಂತಿ. ಮೂರಕ್ಕೆ ಅವನು ಡೇರೆಯಿಂದ ಹೊರಗೆ ನೆಟ್ಟಗೆ ನಡೆಯಲಾರದೆ ಓಲಾಡುತ್ತಿದ್ದ. ದೇಹ ಎತ್ತರಕ್ಕೆ ಹೊಂದಿಕೊಳ್ಳದ ಬೆಟ್ಟದ ಕಾಯಿಲೆ ಅದು, ಆ ಲಕ್ಷಣ ಕಂಡರೆ ಕಾಯಬಾರದು, ಕೆಳಗಿಳಿಯಬೇಕು. ಕ್ಯಾಂಪಿನವರ ಜೀಪಿನಲ್ಲಿ ಅವನನ್ನು ಮಲಗಿಸಿಕೊಂಡು, ಅದೇ ಕಲ್ಲು ದಾರಿಯಲ್ಲಿ ಕತ್ತಲಲ್ಲೇ ವಾಪಸ್ ಇಳಿದರು ಇಬ್ಬರು. ಕೊಕ್ಸರ್ ಹತ್ತಿರ ಬರುವಷ್ಟರಲ್ಲಿ ಅವನು ನೀರು ಕೇಳಿದನಂತೆ. ಮನಾಲಿಯಲ್ಲಿ ಒಂದು ದಿನ ಮಲಗಿ ಸುಧಾರಿಸಿಕೊಂಡ. ನಾವು ಕುಂಜುಮ್ ನೋಡದೆ ಮನೆಗೆ ಬಂದೆವು. ಅವನ ಬೈಕನ್ನು ಚಂದ್ರತಾಲ್‌ನಿಂದ ಕೆಳಗೆ ತರಲು ಪಟ್ಟ ಪಾಡು ಇನ್ನೊಂದು ದಿನದ ಕಥೆ.

ಲಾರಿಯವರಿಗೂ ಬೆಟ್ಟದ ಕಾಯಿಲೆಗೂ ಏನು ಸಂಬಂಧ ಅಂತ ಕೆಲವರು ಕೇಳಿದ್ದಾರೆ. ಇದೇ ಸಂಬಂಧ. ಎತ್ತರದ ಜಾಗಕ್ಕೆ ಹೋಗುವಾಗ ಖಾಲಿ ದಿನಗಳೇ ನಿಮ್ಮ ಔಷಧಿ. ಅವನ್ನು ಗೋಡೌನಿನ ಮುಂದೆ ಖರ್ಚು ಮಾಡಿದರೆ ಮೇಲೆ ಹೋದಾಗ ಕೈಯಲ್ಲಿ ಏನೂ ಉಳಿದಿರುವುದಿಲ್ಲ.

ರೈಲಿನಲ್ಲಿ ಪಾರ್ಸೆಲ್ ಹಾಕುವುದು ಇನ್ನೊಂದು ದಾರಿ. ನಾನು ಮಾಡಿಲ್ಲ, ಹಾಗಾಗಿ ಅದರ ಬಗ್ಗೆ ತೀರ್ಪು ಕೊಡುವುದಿಲ್ಲ. ನಿಮ್ಮದೇ ಟಿಕೆಟ್ ಮೇಲೆ ಲಗೇಜ್ ಆಗಿ ಹಾಕಿದರೆ ನಿಮ್ಮ ರೈಲಿನಲ್ಲೇ ಕಳಿಸಬಹುದು, ಬರೀ ಪಾರ್ಸೆಲ್ ಆದರೆ ಬೇರೆ ರೈಲಿನಲ್ಲೂ ಹೋಗಬಹುದು. ಹಾಕುವವರು ಇದನ್ನು ಮೊದಲೇ ಕೇಳಿಕೊಳ್ಳಿ.

ಇನ್ನು 2019ರ ಮಾತು. ಓಡಿಸಿಕೊಂಡು ಹೋದದ್ದು ನನ್ನ ಜೀವನದ ಒಳ್ಳೆಯ ಐದು ದಿನಗಳಲ್ಲಿ ಸೇರುತ್ತದೆ. ರಾಷ್ಟ್ರೀಯ ಹೆದ್ದಾರಿ 44 ಹಿಡಿದರೆ ಕರ್ನೂಲು, ಹೈದರಾಬಾದ್, ನಾಗಪುರ, ಸಾಗರ್, ಝಾನ್ಸಿ, ಆಗ್ರಾ. ಹೈದರಾಬಾದಿನ ಔಟರ್ ರಿಂಗ್ ರೋಡಿನ ಮುಖ್ಯ ರಸ್ತೆಗೆ ಬೈಕ್ ಬಿಡುವುದಿಲ್ಲ, ನಾವು ಊರೊಳಗೆ ನುಗ್ಗಿಯೇ ಹೋದೆವು. ನಾಗಪುರ ದಾಟಿದ ಮೇಲೆ ಪೆಂಚ್ ಕಾಡಿನ ನಡುವೆ ರಸ್ತೆಯನ್ನೇ ಎತ್ತರಿಸಿ ಕೆಳಗೆ ಪ್ರಾಣಿಗಳು ಓಡಾಡಲು ಜಾಗ ಬಿಟ್ಟಿದ್ದಾರೆ. ನರ್ಮದೆ ದಾಟುವಾಗ ಬೆಳಗಿನ ಮಂಜು. ಜೋಳದ ರೊಟ್ಟಿಯ ನಾಡಿನಿಂದ ಪರಾಠದ ನಾಡಿಗೆ ಊಟ ಹೇಗೆ ಬದಲಾಗುತ್ತದೆ ಅಂತ ನಾಲಿಗೆಗೇ ಗೊತ್ತಾಗುತ್ತದೆ.

ಆದರೆ ಚಂಡೀಗಢ ಮುಟ್ಟುವಷ್ಟರಲ್ಲಿ 2,500 ಕಿಲೋಮೀಟರ್ ಆಗಿರುತ್ತದೆ. ಹಿಂದಿನ ಟೈರ್ ನಡುವೆ ಚಪ್ಪಟೆಯಾಗಿತ್ತು. ಎರಡು ಬೈಕಿನ ಚೈನ್ ಸಡಿಲ. ಬೆನ್ನು, ಮಣಿಕಟ್ಟು ಎರಡೂ ಸೋತಿದ್ದವು. ನಿಜವಾದ ಕಷ್ಟದ ದಾರಿ ಶುರುವಾಗುವುದೇ ಅಲ್ಲಿಂದ. ಅದಕ್ಕಿಂತ ದೊಡ್ಡ ತೊಂದರೆ, ಆರು ಜನರದ್ದು ಐದು ಥರದ ಬೈಕು. ಐದು ಥರದ ಕ್ಲಚ್ ಕೇಬಲ್, ನಾಲ್ಕು ಅಳತೆಯ ಟ್ಯೂಬ್ ಹೊರಬೇಕು. ಛೋಟಾ ದಾರಾ ಹತ್ತಿರ ಒಂದು ಬೈಕಿನ ಹೊಟ್ಟೆ ಕಲ್ಲಿಗೆ ತಾಗಿ ಇಂಜಿನ್ ಆಯಿಲ್ ಸೋರತೊಡಗಿತು. ಊರಿನ ರಸ್ತೆಗೆ ಸರಿಯಾದ ಬೈಕು ಅದು, ಕೆಳಗೆ ಕಾಪಾಡುವ ತಗಡು ಇರಲಿಲ್ಲ. ಎಂ-ಸೀಲ್ ಮೆತ್ತಿ ಎರಡು ಗಂಟೆ ಒಣಗಲು ಬಿಟ್ಟೆವು. ಅಷ್ಟರಲ್ಲಿ ಮುಂದಿನ ನಾಲಾ ತುಂಬಿತ್ತು. ಆಗ ಅಟಲ್ ಸುರಂಗ ಇನ್ನೂ ತೆರೆದಿರಲಿಲ್ಲ, ಅದು ತೆರೆದದ್ದು 2020ರ ಅಕ್ಟೋಬರ್‌ನಲ್ಲಿ. ರೋಹ್ತಾಂಗ್ ಪಾಸ್ ಹತ್ತಿ ಇಳಿದು ಮನಾಲಿ ಸೇರಿದಾಗ ರಾತ್ರಿ ಹತ್ತೂವರೆ. ಒಟ್ಟು 19 ದಿನ ಹಿಡಿಯಿತು. ನನಗೆ ಈಗ ಒಟ್ಟಿಗೆ ಸಿಗುವುದು 14 ದಿನ ರಜೆ, ಅದೂ ಒಂದು ವರ್ಷ ಮೊದಲೇ ಬೇಡಿಕೊಂಡರೆ.

ಹಾಗಾಗಿ 2024. ಶನಿವಾರ ವಿಮಾನದಲ್ಲಿ ಚಂಡೀಗಢ, ರಾತ್ರಿ ಬಸ್ಸಿಗೆ ಮನಾಲಿ. ಭಾನುವಾರ ಇಡೀ ದಿನ ಬೈಕು ಆರಿಸಲು ಇಟ್ಟುಕೊಂಡೆವು. ಇದನ್ನು ಯಾರೂ ಬಿಡಬೇಡಿ. ಆರೂ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411, ದಿನಕ್ಕೆ 1,800 ರೂಪಾಯಿ, ತಲಾ 5,000 ಅಡ್ವಾನ್ಸ್. ಎಲ್ಲ ಒಂದೇ ಬೈಕು ಆದ್ದರಿಂದ ಮುಂದಿನ ಟ್ಯೂಬ್ ಎರಡು, ಹಿಂದಿನದು ಎರಡು, ಕ್ಲಚ್ ಕೇಬಲ್ ಎರಡು, ಲಿವರ್ ಒಂದು ಜೊತೆ. ಇಷ್ಟು ಆರು ಜನಕ್ಕೂ ಸಾಕಾಯಿತು. ಟ್ಯಾಂಕ್ 15 ಲೀಟರ್. ಮನಾಲಿ ಕಡೆಗೂ ಕಾಜಾಕ್ಕೂ ನಡುವೆ ಸುಮಾರು 200 ಕಿಲೋಮೀಟರ್ ಬಂಕು ಇಲ್ಲ, ಕಾಜಾದಲ್ಲಿ ಇದೆ. ಕಲ್ಲು ದಾರಿಯಲ್ಲಿ ಮೈಲೇಜ್ ಬಿದ್ದರೂ ಕ್ಯಾನ್ ಹೊರಬೇಕಾಗಲಿಲ್ಲ.

ಬಾಡಿಗೆಯಲ್ಲಿ ತೊಂದರೆ ಇಲ್ಲ ಅಂತಲ್ಲ. ಎರಡು ಬೈಕಿನ ಮುಂದಿನ ಬ್ರೇಕ್ ಪ್ಯಾಡ್ ಮುಗಿದಿತ್ತು. ಕಣ್ಣೆದುರೇ ಬದಲಾಯಿಸಿ ಅಂತ ಕೂತೆವು, ಬದಲಾಯಿಸಿದರು. ಹಳೆ ಗೀರುಗಳನ್ನೆಲ್ಲ ವಿಡಿಯೊ ಮಾಡಿದೆವು. ವಾಪಸ್ ಕೊಡುವಾಗ ಒಂದು ಮುರಿದ ಲಿವರ್‌ಗೆ 600 ಹಿಡಿದುಕೊಂಡರು. ಅದು ನಾವೇ ಮುರಿದದ್ದು, ಸರಿ.

ದಾರಿಯೂ ಬೇರೆ. ಮನಾಲಿಯಿಂದ ಕೆಳಗಿಳಿದು ಔಟ್, ಜೀಭಿ, ಜಲೋರಿ ಜೋತ್ (ಅಂದರೆ ಪಾಸ್) ದಾಟಿ ರಾಂಪುರ, ಅಲ್ಲಿಂದ ಕಿನ್ನೌರ್. ಅಂದರೆ ಬೈಕು ಮನಾಲಿಯದ್ದೇ ಆದರೂ ನಿಧಾನ ಏರುವ ದಾರಿಯೇ ಸಿಕ್ಕಿತು. ಜೀಭಿ, ರಾಂಪುರ, ಕಲ್ಪಾ, ನಾಕೋ, ತಾಬೋದಲ್ಲಿ ಒಂದೊಂದು ರಾತ್ರಿ, ಕಾಜಾದಲ್ಲಿ ಎರಡು. ತಾಬೋದ ಗೊಂಪಾ, ಅಂದರೆ ಬೌದ್ಧ ಮಠ, 996ರದ್ದು, ಮಣ್ಣಿನ ಗೋಡೆಯ ಒಳಗಿನ ಚಿತ್ರಗಳ ಮುಂದೆ ಒಂದು ಗಂಟೆ ಸುಮ್ನೆ ಕೂತೆವು. 2019ರಲ್ಲಿ ಅದರ ಪಕ್ಕದಲ್ಲೇ ಓಡಿಸಿಕೊಂಡು ಹೋಗಿದ್ದೆವು, ನಿಲ್ಲಲು ಪುರುಸೊತ್ತಿರಲಿಲ್ಲ. ಕಾಜಾದ ಎರಡನೇ ದಿನ ಇನ್ನೂ ಎತ್ತರದ ಹಳ್ಳಿಗಳಾದ ಹಿಕ್ಕಿಂ, ಕೊಮಿಕ್ ಹತ್ತಿ ಇಳಿದು ಕೆಳಗೆ ಮಲಗಿದೆವು. ತಿಪಟೂರಿನ ಗೆಳೆಯನೂ ಬಂದಿದ್ದ. ಈ ಸಲ ಅವನಿಗೆ ಒಂದು ಗುಳಿಗೆಯೂ ಬೇಕಾಗಲಿಲ್ಲ. ವಿದೇಶಿ ಪಾಸ್‌ಪೋರ್ಟ್ ಇರುವ ನಮ್ಮವರು ಯಾರಾದರೂ ಜೊತೆಗಿದ್ದರೆ ರೆಕಾಂಗ್ ಪಿಯೋದಲ್ಲಿ ಗಡಿ ಭಾಗಕ್ಕೆ ಹೋಗುವ ಅನುಮತಿ, ಅಂದರೆ ಇನ್ನರ್ ಲೈನ್ ಪರ್ಮಿಟ್ ಮಾಡಿಸಬೇಕು, ಅದಕ್ಕೆ ಅರ್ಧ ದಿನ ಇಟ್ಟುಕೊಳ್ಳಿ.

ದುಡ್ಡಿನ ಲೆಕ್ಕ, ಒಬ್ಬರಿಗೆ, ಬೆಟ್ಟದ ಊಟ ವಸತಿ ಬಿಟ್ಟು. ಬಾಡಿಗೆ ಹತ್ತು ದಿನಕ್ಕೆ 18,000, ವಿಮಾನ ಹೋಗಿ ಬರಲು 14,000, ಬಸ್ಸು 3,000. ಒಟ್ಟು 35,000. ಲಾರಿಯಾದರೆ ಹೋಗಿ ಬರಲು 19,000, ವಿಮಾನ 14,000, ಜೊತೆಗೆ ಚಂಡೀಗಢದ ಹೋಟೆಲ್ ಮತ್ತು ರಿಪೇರಿ. ಅದೂ ಅಷ್ಟೇ ಆಯಿತು. ಓಡಿಸಿಕೊಂಡು ಹೋದರೆ ಈಗಿನ ದರದಲ್ಲಿ 5,000 ಕಿಲೋಮೀಟರಿಗೆ ಪೆಟ್ರೋಲ್ 17,000, ಹತ್ತು ದಿನದ ರೂಮು ಊಟ 12,000, ಬಂದ ಮೇಲೆ ಟೈರ್, ಚೈನ್, ಸರ್ವಿಸ್ ಇನ್ನೊಂದು 8,000. ಉಳಿತಾಯ ಅಂತ ಯಾವುದರಲ್ಲೂ ಇಲ್ಲ. ರಜೆ ಜಾಸ್ತಿ ಇದ್ದು, ಎಲ್ಲರ ಬೈಕೂ ಒಂದೇ ಥರದ್ದಾಗಿದ್ದರೆ ಓಡಿಸಿಕೊಂಡೇ ಹೋಗಿ. ಒಬ್ಬರೋ ಇಬ್ಬರೋ ಆದರೆ ಲಾರಿಯೂ ನಡೆಯಬಹುದು, ಕಾಯುವುದು ನೀವು ಮಾತ್ರ ಅಲ್ವಾ.

ಕೊನೆಯ ದಿನ ಬಾತಲ್‌ನಿಂದ ಬೆಳಿಗ್ಗೆ ಆರಕ್ಕೆ ಹೊರಟೆವು. ಮೊದಲ ನಾಲಾ ಬಂದಾಗ ಇಬ್ಬರು ಇಳಿದು ನಡೆದು ನೋಡಿದರು, ನೀರು ಮೊಣಕಾಲಿಗಿಂತ ಕೆಳಗೆ. ಒಬ್ಬೊಬ್ಬರಾಗಿ, ಮೊದಲ ಗೇರಿನಲ್ಲೇ, ನಡುವೆ ಕ್ಲಚ್ ಹಿಡಿಯದೆ ದಾಟಿದೆವು. ತಿಪಟೂರಿನವನು ಮೂರನೆಯವನಾಗಿ ದಾಟಿ, ಆಚೆ ದಡದಲ್ಲಿ ಬೈಕು ನಿಲ್ಲಿಸಿ, ಉಳಿದ ಮೂವರಿಗೆ ಕೈ ಕೊಡಲು ಬೂಟು ಸಮೇತ ನೀರಿಗಿಳಿದು ನಿಂತ. ಒಂಬತ್ತೂವರೆಗೆ ಆರೂ ಜನ ಛತ್ರುವಿನ ಢಾಬಾದಲ್ಲಿ ಮ್ಯಾಗಿ ತಿನ್ನುತ್ತಿದ್ದೆವು.