ಕನ್ನಡ ಪದ ಹುಡುಕಾಟದ ಇಂಡೆಕ್ಸ್‌ಗೆ ರೆಡಿಸ್, ಲೆವೆಲ್‌ಡಿಬಿ, ಎಲ್‌ಎಂಡಿಬಿ: ಬಳಸಿ ನೋಡಿದ ಹೋಲಿಕೆ

ಬಸವನಗುಡಿಯ ನಮ್ಮ ಓದುಗರ ಬಳಗದ ಹಳೆಯ ಲೇಖನಗಳಲ್ಲಿ ಪದ ಹುಡುಕುವ ವ್ಯವಸ್ಥೆಯನ್ನು, ಮನೆಯಲ್ಲಿರುವ 4 ಜಿಬಿ ಮೆಮೊರಿಯ ಹಳೆಯ ಕಂಪ್ಯೂಟರಿನಲ್ಲೇ ಕಟ್ಟಬೇಕಾಗಿತ್ತು. ಪದವನ್ನು ಕೀ ಆಗಿಯೂ ಆ ಪದವಿರುವ ಲೇಖನಗಳ ಸಂಖ್ಯೆಗಳನ್ನು ವ್ಯಾಲ್ಯೂ ಆಗಿಯೂ ಇಡುವ ಸರಳ ಇಂಡೆಕ್ಸ್ ನಮಗೆ ಸಾಕು. ಇಂಥ ಕೀ-ವ್ಯಾಲ್ಯೂ ಜೋಡಿಗಳನ್ನು ಇಡುವ ಡೇಟಾಬೇಸ್‌ಗಳೇ ರೆಡಿಸ್, ಲೆವೆಲ್‌ಡಿಬಿ, ಎಲ್‌ಎಂಡಿಬಿ; ಮೊದಲನೆಯದು ಎಲ್ಲವನ್ನೂ ಮೆಮೊರಿಯಲ್ಲಿಡುತ್ತದೆ, ಉಳಿದೆರಡು ಡಿಸ್ಕ್‌ನಲ್ಲಿ. ಮೂರನ್ನೂ ಬಳಸಿ ನೋಡಿ ಎಲ್‌ಎಂಡಿಬಿಯನ್ನು ಉಳಿಸಿಕೊಂಡಿದ್ದೇನೆ.

ರೆಡಿಸ್‌ನಲ್ಲಿ ಕೆಲಸ ಬೇಗ ಕೂಡಿಬರುತ್ತದೆ. ಪ್ರತಿ ಪದಕ್ಕೂ ಒಂದು ಸೆಟ್ (ಲೇಖನ ಸಂಖ್ಯೆಗಳ ಗುಂಪು) ಇಟ್ಟರೆ, ‘ಹಲಸೂರು’, ‘ಕೆರೆ’ ಎರಡೂ ಇರುವ ಲೇಖನಗಳನ್ನು ಒಂದೇ ಆದೇಶ ಹೆಕ್ಕಿ ಕೊಡುತ್ತದೆ. ಆದರೆ ನಮ್ಮ ಬರವಣಿಗೆಯಲ್ಲಿ ಪದವು ಕೆರೆಗೆ, ಕೆರೆಯಲ್ಲಿ, ಕೆರೆಯನ್ನು ಎಂದು ವಿಭಕ್ತಿ ಸಮೇತ ಬರುವುದೇ ಹೆಚ್ಚು. ರೆಡಿಸ್‌ನ ಕೀಗಳಿಗೆ ಅನುಕ್ರಮವಿಲ್ಲದ ಕಾರಣ, ‘ಕೆರೆ’ಯಿಂದ ಶುರುವಾಗುವ ಪದಗಳನ್ನು ಹಿಡಿಯಲು ಎಲ್ಲ ಪದಗಳ ಇನ್ನೊಂದು ಸಾರ್ಟೆಡ್ ಸೆಟ್ (ಅನುಕ್ರಮವಾಗಿ ಜೋಡಿಸಿದ ಗುಂಪು) ಸಾಕಬೇಕಾಗುತ್ತದೆ, ಅದೂ ಮೆಮೊರಿಯಲ್ಲೇ.

ಲೆವೆಲ್‌ಡಿಬಿಯಲ್ಲಿ ಕೀಗಳು ಅನುಕ್ರಮವಾಗಿಯೇ ಇರುತ್ತವೆ. ‘ಕೆರೆ’ಯ ಸ್ಥಾನಕ್ಕೆ ಹೋಗಿ ಮುಂದೆ ಸಾಗಿದರೆ ಅದರ ಎಲ್ಲ ರೂಪಗಳೂ ಸಾಲಾಗಿ ಸಿಗುತ್ತವೆ. (‘ಕೆರೆದರು’ ಎಂಬುದೂ ಜೊತೆಗೆ ಬರುತ್ತದೆ, ಅದನ್ನು ಸಹಿಸಿಕೊಳ್ಳಬಹುದು.)

ನನ್ನನ್ನು ಕಾಡಿದ್ದು ಅದರ ಲಾಕ್. ಒಂದು ಲೆವೆಲ್‌ಡಿಬಿ ಡೇಟಾಬೇಸನ್ನು ಒಂದು ಹೊತ್ತಿಗೆ ಒಂದೇ ಪ್ರೊಸೆಸ್ (ಓಡುತ್ತಿರುವ ಪ್ರೋಗ್ರಾಂ) ತೆರೆಯಬಹುದು, ಬರೀ ಓದುವುದಕ್ಕೂ ಇದೇ ನಿಯಮ. ಹುಡುಕಾಟದ ಪುಟ ಒಂದು ಪ್ರೊಸೆಸ್‌ನಲ್ಲಿ ನಡೆಯುತ್ತಿರುವಾಗ ಹೊಸ ಲೇಖನ ಸೇರಿಸುವ ಸ್ಕ್ರಿಪ್ಟ್ ಓಡಿಸಿದರೆ, ಲಾಕ್ ಸಿಗಲಿಲ್ಲವೆಂದು ಅದು ಅಲ್ಲೇ ನಿಂತುಬಿಡುತ್ತದೆ.

ನಮ್ಮ ಬಳಗದವರು ಟೈಪ್ ಮಾಡಿದ ಲೇಖನಗಳನ್ನು ಕಳಿಸುವುದು ರಾತ್ರಿ ಊಟವಾದ ಮೇಲೆ. ಉಳಿದವರು ಹುಡುಕುವುದೂ ಅದೇ ಹೊತ್ತಿನಲ್ಲಿ. ಪ್ರತಿ ಬಾರಿ ಪುಟವನ್ನು ನಿಲ್ಲಿಸಿ ಇಂಡೆಕ್ಸ್ ಮಾಡುವುದು ಓದುಗರಿಗೆ ಅನ್ಯಾಯ. ಇಲ್ಲವೇ ಎರಡು ಕೆಲಸವನ್ನೂ ನೋಡಿಕೊಳ್ಳುವ ಸಣ್ಣ ಸರ್ವರ್ ಒಂದನ್ನು ನಾನೇ ಬರೆಯಬೇಕು. ಅಷ್ಟು ಮಾಡುವುದಾದರೆ ಮನೆಯ ಡಿಸ್ಕ್‌ನಲ್ಲಿ ಒಂದು ಫೋಲ್ಡರ್ ಇಟ್ಟುಕೊಳ್ಳುವ ಸರಳತೆಯೇ ಕೈತಪ್ಪುತ್ತದೆ.

ಎಲ್‌ಎಂಡಿಬಿಯಲ್ಲೂ ಬರೆಯುವವರು ಒಂದು ಸಲಕ್ಕೆ ಒಬ್ಬರೇ, ಆದರೆ ಅದಕ್ಕಾಗಿ ಓದುವವರು ಕಾಯಬೇಕಿಲ್ಲ, ಬೇರೆ ಪ್ರೊಸೆಸ್‌ಗಳಾಗಿದ್ದರೂ ಸರಿ. ಕೀಗಳ ಅನುಕ್ರಮ ಇಲ್ಲಿಯೂ ಉಂಟು. ಒಂದೇ ಕೀಗೆ ಹಲವು ವ್ಯಾಲ್ಯೂಗಳನ್ನು ಅನುಕ್ರಮದಲ್ಲಿ ಇಡುವ ಸೌಲಭ್ಯವಿರುವುದರಿಂದ, ಲೇಖನದ ಸಂಖ್ಯೆಯನ್ನು ದೊಡ್ಡ ಬೈಟ್ ಮೊದಲು ಬರುವಂತೆ ನಾಲ್ಕು ಬೈಟ್‌ಗಳಲ್ಲಿ ಬರೆದರೆ ಪಟ್ಟಿ ತಾನಾಗಿಯೇ ಜೋಡಣೆಯಾಗಿರುತ್ತದೆ. ಡೇಟಾಬೇಸ್ ಫೈಲಿನ ಹಳೆಯ ಪುಟದ (ತುಣುಕಿನ) ಮೇಲೆಯೇ ಬರೆಯದೆ ಹೊಸ ಪುಟದಲ್ಲಿ ಬರೆಯುವ ವಿಧಾನ ಅದರದ್ದು, ಹಾಗಾಗಿ ಬರೆಯುವುದು ನಡುವೆ ನಿಂತರೂ ಹಳೆಯದು ಕೆಡುವುದಿಲ್ಲ. ಮಳೆಗಾಲದ ಸಂಜೆ ಕರೆಂಟು ಹೋಗುವ ನಮ್ಮ ಬೀದಿಯಲ್ಲಿ ಇದು ದೊಡ್ಡ ನೆಮ್ಮದಿ.

ಎಲ್‌ಎಂಡಿಬಿಗೆ ಡೇಟಾಬೇಸಿನ ಗರಿಷ್ಠ ಗಾತ್ರವನ್ನು ಮೊದಲೇ ಹೇಳಬೇಕು. ಹೇಳದಿದ್ದರೆ 10 ಎಂಬಿಗೆ ಮಿತಿ. ಕೀ 511 ಬೈಟ್ ಮೀರುವಂತಿಲ್ಲ. ಯುಟಿಎಫ್-8 ಎಂಬ ಅಕ್ಷರ-ಸಂಕೇತ ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ (ಅಕ್ಷರ ಅಥವಾ ಚಿಹ್ನೆ) 3 ಬೈಟ್ ಹಿಡಿದರೂ 170 ಸಂಕೇತಗಳು ಹಿಡಿಸುತ್ತವೆ.

ಡೇಟಾಬೇಸ್ ಯಾವುದೇ ಇರಲಿ, ಲೇಖನದಿಂದ ಪದಗಳನ್ನು ಬಿಡಿಸಲು ಪೈಥಾನ್‌ನ ‘ಆರ್‌ಇ’ ಮಾಡ್ಯೂಲನ್ನು ನೆಚ್ಚಬೇಡಿ. ಅದರ ಪದ-ಗುರುತು (\w) ಸ್ವರಚಿಹ್ನೆಗಳನ್ನು ಅಕ್ಷರವೆಂದು ಎಣಿಸದೆ ‘ಬೆಂಗಳೂರು’ ಎಂಬುದನ್ನು ಬ, ಗಳ, ರ ಎಂದು ತುಂಡರಿಸುತ್ತದೆ. ‘ರೆಜೆಕ್ಸ್’ ಮಾಡ್ಯೂಲ್ ಅದನ್ನು ಇಡಿಯಾಗಿ ಕೊಡುತ್ತದೆ.

ಮೆಮೊರಿ ಧಾರಾಳವಾಗಿದ್ದು ಈಗಾಗಲೇ ರೆಡಿಸ್ ಓಡಿಸುತ್ತಿರುವವರು ಅದರಲ್ಲೇ ಮುಂದುವರಿಯಬಹುದು. ಓದುವುದೇ ಹೆಚ್ಚು, ಬರೆಯುವುದು ಕಡಿಮೆ, ಬಾಡಿಗೆ ಸರ್ವರಿಗೆ ತಿಂಗಳಿಗೊಮ್ಮೆ ಹಣ ಕಟ್ಟಲು ಮನಸ್ಸಿಲ್ಲ ಎನ್ನುವ ನನ್ನಂಥವರಿಗೆ ಎಲ್‌ಎಂಡಿಬಿ ಸರಿ.