ಶಿರಸಿಯ ಸ್ಪೋಕನ್ ಇಂಗ್ಲಿಷ್ ಕ್ಲಾಸು: ಮಾತಿಗೆ ಓಕೆ, ವ್ಯಾಕರಣಕ್ಕೆ ಸ್ವಲ್ಪ ಹಳೇ ಕಾಲ

ದೇವಿಕೆರೆ ಹತ್ತಿರದ ಒಂದು ಕ್ಲಾಸಿಗೆ ಈ ಮಳೆಗಾಲದಲ್ಲಿ ಸೇರಿದ್ದೆ, ಹೆಸರು ಬೇಡ ಬಿಡಿ. ಮೇಷ್ಟ್ರು ಒಳ್ಳೆಯವರು. ಉಚ್ಚಾರಣೆಯನ್ನು ತಾಳ್ಮೆಯಿಂದ ತಿದ್ದುತ್ತಾರೆ, ಅಡಿಕೆ ವ್ಯಾಪಾರಿಯಿಂದ ಹಿಡಿದು ಡಿಗ್ರಿ ಹುಡುಗರವರೆಗೆ ಎಲ್ಲರ ಬಾಯಿ ಬಿಡಿಸುತ್ತಾರೆ. ಕೊಟ್ಟ ದುಡ್ಡು ದಂಡ ಅಲ್ಲ.

ನನ್ನ ತಕರಾರು ವ್ಯಾಕರಣದ್ದು. ವಾಕ್ಯದ ಕೊನೆಗೆ ಪ್ರಿಪೊಸಿಷನ್ (ಇನ್, ವಿತ್, ಫ್ರಮ್ ಥರದ ಪದ) ಬಂತೋ, ಕೆಂಪು ಗೆರೆ! ಇದಕ್ಕೆ ಮೊದಲು ಮೂಗು ಮುರಿದವರಲ್ಲಿ ಕವಿ ಡ್ರೈಡನ್ ಒಬ್ಬ. 1672ರಲ್ಲಿ ನಾಟಕಕಾರ ಬೆನ್ ಜಾನ್ಸನ್ ಬರೆದದ್ದರಲ್ಲಿ ಇದನ್ನೇ ಎತ್ತಿ ಆಡಿದ್ದ. 1762ರಲ್ಲಿ ವ್ಯಾಕರಣ ಬರೆದ ರಾಬರ್ಟ್ ಲೌತ್ ಕೂಡ ಪೂರ್ತಿ ಬೇಡ ಅಂದಿರಲಿಲ್ಲ, ಆಡುಮಾತಿಗೆ ಇದು ಹೊಂದುತ್ತದೆ, ಗಂಭೀರ ಬರವಣಿಗೆಗೆ ಮಾತ್ರ ಇನ್ನೊಂದು ರೀತಿ ಚೆಂದ ಅಂದಿದ್ದರು. ನಾವು ಕಲಿಯಲು ಹೋಗಿದ್ದು ಆಡುಮಾತನ್ನೇ ಅಲ್ವಾ?

ಒಬ್ಬರ ಬಗ್ಗೆ 'ಹೀ', 'ಶೀ' ಬದಲು 'ದೇ' (they) ಅಂದರೂ ತಪ್ಪಂತೆ. ಆ ಬಳಕೆ 14ನೇ ಶತಮಾನದಿಂದಲೇ ಇದೆ, 2019ರಲ್ಲಿ ಅಮೆರಿಕದ ಮೆರಿಯಮ್-ವೆಬ್‌ಸ್ಟರ್ ನಿಘಂಟು ಅದನ್ನೇ ವರ್ಷದ ಪದ ಅಂತ ಆರಿಸಿತ್ತು. ಇನ್ನು 'ಪ್ರಿಪೋನ್' (ಪೋಸ್ಟ್‌ಪೋನ್‌ಗೆ ಉಲ್ಟಾ, ಮೊದಲೇ ಇಟ್ಟುಕೊಳ್ಳೋದು) ಅಂದರೆ ಮೇಷ್ಟ್ರಿಗೆ ಸಿಟ್ಟೇ ಬರುತ್ತದೆ, ಆಕ್ಸ್‌ಫರ್ಡ್ ನಿಘಂಟಿನಲ್ಲಿದ್ದರೂ.

ಹಾಗಂತ ನಿಯಮವೇ ಬೇಡ ಅನ್ನುತ್ತಿಲ್ಲ. 'ಹೀ ಗೋಸ್' ಬದಲು 'ಹೀ ಗೋ' ಅಂದರೆ ಇವತ್ತಿಗೂ ಇಂಟರ್‌ವ್ಯೂನಲ್ಲಿ ಕಷ್ಟ, ಅಂಥದ್ದನ್ನೆಲ್ಲ ಇಲ್ಲಿ ಗಟ್ಟಿಯಾಗಿ ಕಲಿಸುತ್ತಾರೆ. ಯಾವುದು ನಿಜವಾದ ತಪ್ಪು, ಯಾವುದು ಸುಮ್ನೆ ಹಳೇ ಮಡಿ ಅಂತ ಬೇರೆ ಮಾಡಿ ಹೇಳಿದ್ದರೆ ಇನ್ನೊಂದು ಸ್ಟಾರ್ ಕೊಡುತ್ತಿದ್ದೆ.

ಮೂರು ಸ್ಟಾರ್. ಸಂಜೆ ಬ್ಯಾಚಿನಲ್ಲಿ ಜನ ಜಾಸ್ತಿ, ಬೆಳಗಿನದು ಕೇಳಿ.