ಲೂಪ್ ಹ್ಯಾಬಿಟ್ ಟ್ರ್ಯಾಕರ್: ಹೊಸ ವರ್ಷದ ಗೋಲ್ ಫೆಬ್ರವರಿ ದಾಟಬೇಕಂದ್ರ ಇದನ್ನ ಹಾಕ್ಕೊಳ್ರಿ

ಮೊದ್ಲ ಹೇಳಿಬಿಡ್ತೀನ್ರಿ, ದಿನದ ರೂಢಿ (ಹ್ಯಾಬಿಟ್) ಮಾಡಿದ್ವೋ ಇಲ್ಲೋ ಅಂತ ಲೆಕ್ಕ ಇಡೂ ಈ ಲೂಪ್ ಆ್ಯಪ್‌ಗೆ ರೊಕ್ಕ ಕೊಡಬೇಕಾಗಿಲ್ಲ, ನಡಬರಕ ಜಾಹೀರಾತು ಬರೂದಿಲ್ಲ, ಫೋನ್ ನಂಬರ್ ಹಾಕಿ ಲಾಗಿನ್ ಆಗು ಅಂತನೂ ಕೇಳೂದಿಲ್ಲ. ಆಂಡ್ರಾಯ್ಡ್ ಆ್ಯಪ್, ಓಪನ್ ಸೋರ್ಸ್ (ಅಂದ್ರ ಅದರ ಕೋಡ್ ಯಾರ್ ಬೇಕಾದ್ರೂ ತಗದು ನೋಡಬಹುದು), ನೆಟ್ ಇಲ್ದನೂ ನಡೀತೈತಿ. ಡಿಸೆಂಬರ್ ಕಡೀ ವಾರದಾಗ ಹುಬ್ಬಳ್ಳ್ಯಾಗ ಯಾವ ಕಡೆ ಹೋದ್ರೂ ಜಿಮ್ ಮುಂದ ನ್ಯೂ ಇಯರ್ ಆಫರ್ ಬ್ಯಾನರ್, ಸ್ಟೇಷನರಿ ಅಂಗಡ್ಯಾಗ ದಪ್ಪ ರಟ್ಟಿನ ಗೋಲ್ ಪ್ಲ್ಯಾನರ್, ಅದರಾಗ ಪುಟಕ್ಕೊಂದು ಸುವಿಚಾರ, ಅವುಗಳ ಮುಂದ ಈ ಆ್ಯಪ್ ಭಾಳ ಬೋಳು ಕಾಣತೈತಿ. ಎಡಕ್ಕ ರೂಢಿ ಹೆಸರು, ಬಲಕ್ಕ ದಿನದ ಟಿಕ್, ಮುಗೀತು.

ನನಗ ಸೇರಿದ್ದು ಅದರ ಬೋಳುತನಾನ. ಯಾಕಂದ್ರ ಇದರಾಗ ನೀವು "10 ಕೆಜಿ ಇಳಸ್ತೀನಿ" ಅಂತ ಬರದು ಸುಮ್ನ ಕೂಡಾಕ ಬರೂದಿಲ್ಲ. ಇದು ಕೇಳೂದು ಒಂದ ಮಾತು, ಇವತ್ತು ಮಾಡಿದ್ಯೋ ಇಲ್ಲೋ? ಹತ್ತು ಕೆಜಿ ಇವತ್ತು ಇಳೀತೇನು ಅಂತ ಕೇಳಿದ್ರ ಯಾರು ಹೂಂ ಅಂತಾರ್ರೀ? ಹಿಂಗಾಗಿ ಗೋಲ್‌ನ ಕಡಕೊಂಡು ಕಡಕೊಂಡು ದಿನಾ ರಾತ್ರಿ ಹೂಂ ಇಲ್ಲಾ ಊಂಹೂಂ ಅನ್ನಾಕ ಬರೂ ಅಷ್ಟು ಸಣ್ಣದು ಮಾಡಲೇಬೇಕು. ಅರ್ಧ ಕೆಲಸ ಅಲ್ಲೇ ಆಗಿಹೋಗತೈತಿ.

ಹೊಸ ಹ್ಯಾಬಿಟ್ ಸೇರಿಸೂವಾಗ ಪ್ರಶ್ನೆ ಬರಿಯಾಕ ಒಂದು ಜಾಗಾ ಐತಿ, ಭಾಳ ಮಂದಿ ಅದನ್ನ ಖಾಲಿ ಬಿಡ್ತಾರ. ಬಿಡಬ್ಯಾಡ್ರಿ. ರಿಮೈಂಡರ್ ಬಂದಾಗ ಫೋನಿನ ಮ್ಯಾಲ ಕಾಣೂದು ಅದ. ನಾನು ಬರದಿದ್ದು "ಮುಂಜಾನಿ ಚಾ ಕುಡದ ಮ್ಯಾಲ ಉಣಕಲ್ ಕೆರಿಕಡೆ ಹೋಗಿ ಬಂದ್ಯೇನೋ?" ಅಂತ. ಬರೇ "ವಾಕಿಂಗ್" ಅಂದ್ರ ಎಲ್ಲಿ, ಯಾವಾಗ ಅನ್ನೂದ ಇರೂದಿಲ್ಲ, ಅಷ್ಟ ಸಾಕು ತಪ್ಪಿಸ್ಕೊಳ್ಳಾಕ. ದಿನಾ ಅಂತನೂ ಹಾಕಬ್ಯಾಡ್ರಿ, ವಾರಕ್ಕ 3 ಸಲ ಅಂತ ಹಾಕಾಕ ಬರತೈತಿ, ಯಾವ 3 ದಿನ ಅನ್ನೂದು ನಿಮ್ಮ ಅನುಕೂಲ.

ಇನ್ನ ಇದರ ನಿಜವಾದ ಗುಣ ಅಂದ್ರ ಸ್ಕೋರ್. ಬಾಕಿ ಎಷ್ಟೋ ಆ್ಯಪ್‌ನಾಗ ಸ್ಟ್ರೀಕ್ ಅಂತ ಇರತೈತಿ, ಅಂದ್ರ ತಪ್ಪಿಸದ ಸತತ ಎಷ್ಟು ದಿನ ಮಾಡಿದ್ರಿ ಅನ್ನೂ ಲೆಕ್ಕ, ಒಂದು ದಿನ ತಪ್ಪಿತಂದ್ರ ಸೊನ್ನಿ, ಅಲ್ಲಿಗೆ ನಮಗೂ ಬ್ಯಾಸರ, ಹೋಗ್ಲಿ ಬಿಡು ಮುಂದಿನ ವರ್ಷ ನೋಡೂಣು ಅಂತ ಕೈ ಬಿಡ್ತೀವಿ. ಲೂಪ್‌ನಾಗೂ ಸ್ಟ್ರೀಕ್ ತೋರಸ್ತಾರ, ಆದ್ರ ಮುಖ್ಯ ಲೆಕ್ಕ ಪರ್ಸೆಂಟೇಜ್‌ದು. ಮಾಡಿದಂಗ ಏರತೈತಿ, ತಪ್ಪಿದ್ರ ಸ್ವಲ್ಪ ಇಳೀತೈತಿ, ಭಾಳ ದಿನ ನಡಸ್ಕೊಂಡು ಬಂದ್ರ ನಡುವ ಒಂದೆರಡು ದಿನ ಹೋದ್ರೂ ಎಲ್ಲಾ ಅಳಸಿ ಹೋಗೂದಿಲ್ಲ. ಇದು ಸುಮ್ನ ಸಮಾಧಾನದ ಮಾತಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜ್‌ನಾಗ ಫಿಲಿಪ್ಪಾ ಲ್ಯಾಲಿ ಮತ್ತ ಅವ್ರ ಜೋಡಿದಾರರು 96 ಮಂದೀನ ಹಿಡದು ಒಂದು ಅಧ್ಯಯನ ಮಾಡಿದ್ರು, 2009ರಾಗ ಬಂತು. ರೂಢಿ ಆಗಾಕ ಸರಾಸರಿ 66 ದಿನ ಅಂತ ಅವ್ರ ಲೆಕ್ಕ, ಆದ್ರ ಒಬ್ಬೊಬ್ರಿಗೆ 18 ದಿನದಿಂದ 254 ದಿನದ ತನಕ ಫರಕ್ಕು. ನಡುವ ಒಂದು ದಿನ ತಪ್ಪಿದ್ರ ದೊಡ್ಡ ಧಕ್ಕೆ ಏನಿಲ್ಲ ಅಂತನೂ ಅದರಾಗ ಐತಿ. 21 ದಿನಕ್ಕ ರೂಢಿ ಆಗತೈತಿ ಅಂತ ವಾಟ್ಸಾಪ್‌ನಾಗ ಹಂಚವ್ರಿಗೆ ಇದನ್ನ ಕಳಸ್ರಿ.

ನಮ್ಮ ಕಡೆ ಅಂತೂ ಈ ಸಡಿಲಿಕಿ ಬೇಕೇ ಬೇಕು. ಜನವರಿ 1ಕ್ಕ ಸಿಹಿ ಬಿಟ್ಟೆ ಅಂತೀವಿ, ಎರಡು ವಾರ ಆಗೂದ್ರಾಗ ಸಂಕ್ರಮಣ. ಭೋಗಿಗೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಣ್ಣಿಗಾಯಿ, ಮರುದಿನ ಮಾದ್ಲಿ, ಕುಸರೆಳ್ಳು, ಆ ಹೊತ್ತಿಗೆ ಬ್ಯಾಡ ಅಂದ್ರ ಅವ್ವ ಬಿಡ್ತಾಳೇನು? ಸೆಟ್ಟಿಂಗ್ಸ್‌ನಾಗ ಸ್ಕಿಪ್ ಡೇ ಅಂತ ಐತಿ, ಅದನ್ನ ಆನ್ ಮಾಡಿ ಅವತ್ತು ಸ್ಕಿಪ್ ಹಾಕಿದ್ರ ಸ್ಕೋರ್ ಕಡಿಮಿ ಆಗೂದಿಲ್ಲ. ವಾರಕ್ಕೊಂದು ಹಬ್ಬ ಹುಡಕಬಾರದು ಅಷ್ಟ.

ಧಾರವಾಡದ ಸಪ್ತಾಪುರದಾಗ ರೂಮ್ ಮಾಡಿ ಕೆಎಎಸ್ ಓದೂ ನಮ್ಮ ಕಾಕಾನ ಮಗಗ ಇದನ್ನ ಹಾಕಿಕೊಟ್ಟೆ. ಅಂವ ಕೂತ ಕೂಡ್ಲೇ 10 ತಾಸು ಓದೂದು, ಎರಡು ಪೇಪರ್, ಯೋಗ, ಓಟ, ಇಂಗ್ಲಿಷ್, ನಸಿಕಿಗೆ ಏಳೂದು ಅಂತ ಒಂದು ಉದ್ದ ಪಟ್ಟಿ ಮಾಡಿದ. ತಮ್ಮಾ, ಎರಡ ಇಡು ಅಂದೆ, ಮುಖಾ ಸಣ್ಣ ಮಾಡ್ಕೊಂಡು ಒಪ್ಪಿದ. ಈಗ "ದಿನಾ 20 ಪ್ರಶ್ನೆ ಬಿಡಸೂದು" ಅಂತ, ಟಿಕ್ ಬದ್ಲಿ ಎಷ್ಟು ಮಾಡಿದಿ ಅಂತ ಅಂಕಿ ಹಾಕೂ ನಮೂನಿದು ಒಂದು, ಪೇಪರ್ ಓದೂದು ಒಂದು. ಅವು ಕೈಗೆ ಹತ್ತಿದ ಮ್ಯಾಲ ಮೂರನೇದ್ದು ಸೇರಿಸಿದ್ರಾತು.

ಎಲ್ಲಾ ಗೋಲ್‌ಗೂ ಇದು ಬೇಕಂತೇನಿಲ್ಲ. ರೊಕ್ಕ ಉಳಸೂದಕ್ಕ ಟಿಕ್ ಹಾಕ್ಕೋತ ಕೂಡಬ್ಯಾಡ್ರಿ, ಪೋಸ್ಟ್ ಆಫೀಸಿನ ಆರ್‌ಡಿ ತಿಂಗಳಿಗೆ 100 ರೂಪಾಯಿಂದ ಶುರು, 5 ವರ್ಷದ್ದು, ಕಟ್ಟೂ ತಾರೀಖು ತಪ್ಪಬಾರದಂತ ಒತ್ತಾಯ ತಾನಾಗೆ ಇರತೈತಿ.

ಕೊರತೆ ಅಂದ್ರ, ಐಫೋನ್ ಇದ್ದವ್ರಿಗೆ ಇದು ಉಪಯೋಗಿಲ್ಲ. ಟಿಕ್ ಹಾಕಾಕ ಒತ್ತಿ ಹಿಡೀಬೇಕು, ವಯಸ್ಸಾದವ್ರಿಗೆ ಮೊದಲ ತಿಳಿಯೂದಿಲ್ಲ, ಸೆಟ್ಟಿಂಗ್ಸ್‌ನಾಗ ಬದಲಿ ಮಾಡಿಕೊಡ್ರಿ. ಜೋಡಿ ಗೆಳ್ಯಾರ್ನ ಸೇರಿಸ್ಕೊಂಡು ಪೈಪೋಟಿ ಮಾಡೂ ಸೌಲಭ್ಯ ಇಲ್ಲ, ಸುಳ್ಳು ಟಿಕ್ ಹಾಕಿದ್ರೂ ಕೇಳವ್ರಿಲ್ಲ. ಎಲ್ಲಾದಕ್ಕಿಂತ ದೊಡ್ಡದು, ಲೆಕ್ಕ ಎಲ್ಲಾ ನಿಮ್ಮ ಫೋನಿನಾಗ ಇರತೈತಿ, ಫೋನ್ ಕಳದ್ರ ಅದೂ ಹೋತು, ಅದಕ್ಕ ಆಗಾಗ ಬ್ಯಾಕಪ್ ಎಕ್ಸ್‌ಪೋರ್ಟ್ ಮಾಡಿ ಮೇಲ್‌ಗೆ ಕಳಸಿಕೊಂಡು ಇಡ್ರಿ. ಆ ಒಂದು ಕಾರಣಕ್ಕ 5ಕ್ಕ 4 ಸ್ಟಾರ್ ಕೊಡ್ತೀನಿ, ಇಲ್ಲಾಂದ್ರ ಪೂರ್ತಿ ಕೊಡ್ತಿದ್ದೆ.